ಕದಿರೇಶ್ ಮೇಷ್ಟ್ರ ಹುಲಿ

ಮಕ್ಕಳ ತಲೆಯಿಂದ ತಪ್ಪು ಕಲ್ಪನೆಗಳನ್ನು ಕೀಳುವುದರಲ್ಲಿ ಮಾಲೂರು ಸೀಮೆಗೇ ತಮ್ಮನ್ನು ಮೀರಿಸುವವರಿಲ್ಲ ಎಂದು ವಿಜ್ಞಾನದ ಕದಿರೇಶ್ ಮೇಷ್ಟ್ರು ನಂಬಿದ್ದಾರೆ. ಎಂದೋ ತರಬೇತಿಯಲ್ಲಿ ಕೊಟ್ಟ ಬ್ಯಾಡ್ಜು ಇನ್ನೂ ಜೇಬಿನ ಮೇಲೇ ಇದೆ. ಆಹಾರ ಸರಪಳಿ ಎಂದರೆ ಅವರಿಗೆ ಹುಲ್ಲು, ಜಿಂಕೆ, ಹುಲಿ, ಅಷ್ಟೇ. ಹುಲಿಯಿಲ್ಲದ ಊರಿಗೆ ಪರಿಸರವೂ ಇಲ್ಲ. ಕಿಟಕಿಯಾಚೆಯ ರಾಗಿ ಹೊಲದಲ್ಲಿ ಕೇರೆಹಾವು ಇಲಿಯನ್ನು ಅಟ್ಟಿಸಿಕೊಂಡು ಹೋದರೆ, ಮಕ್ಕಳ ಗಮನ ಅತ್ತ ಹರಿಯಬಾರದೆಂದು ಕಿಟಕಿ ಮುಚ್ಚಿಸಿ, ಬೋರ್ಡಿನ ಮೇಲಿನ ಹುಲಿಗೆ ಇನ್ನೆರಡು ಪಟ್ಟೆ ಎಳೆಯುತ್ತಾರೆ. ಮೊನ್ನೆ ಪರೀಕ್ಷೆಯಲ್ಲಿ ಚಂದನ ಎಂಬ ಹುಡುಗಿ ರಾಗಿ, ಇಲಿ, ಕೇರೆಹಾವು, ನವಿಲು ಎಂದು ಬರೆದಳು. ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೀಟು ಬಿತ್ತು. "ನಮ್ಮ ಹೊಲ್ದಾಗೇ ನೋಡಿದೀನಿ ಸಾ!" ಎಂದಳು. "ಹೊಲ್ದಾಗೆ ನೋಡಿದ್ದೆಲ್ಲ ಸೈನ್ಸ್ ಆಗ್ಬಿಡ್ತದೇನೇ? ಗೈಡ್‌ನಾಗೆ ಎಲ್ಲೈತೆ ತೋರ್ಸು!" ಎಂದು ಮೇಷ್ಟ್ರು ಅವಳ ಕಿವಿ ಹಿಂಡಿದರು. ಅವರು ಈ ಜನ್ಮದಲ್ಲಿ ಹುಲಿ ಕಂಡವರಲ್ಲ. ಕಂಡದ್ದು ಇಲಿ ಮತ್ತು ಕೇರೆಹಾವನ್ನೇ, ಅದೂ ಅಪ್ಪನ ಹೊಲದಲ್ಲಿ. ಹುಡುಗರಾಗಿದ್ದಾಗ ಇದೇ ಕ್ಲಾಸಿನಲ್ಲಿ ಕೂತು ಪರೀಕ್ಷೆಯಲ್ಲಿ ಅವನ್ನು ಬರೆದ ದಿನ, ಆಗಿನ ಮೇಷ್ಟ್ರು ಇವರ ಎಡಗಿವಿಯನ್ನು ಹಿಂಡಿದ್ದರು. ಇವತ್ತಿಗೂ ಬಲಗೈ ಬೋರ್ಡಿನಲ್ಲಿ ಹುಲಿ ಬರೆಯುವಷ್ಟು ಹೊತ್ತು, ಎಡಗೈ ಆ ಕಿವಿಯನ್ನು ಮುಚ್ಚಿಕೊಂಡೇ ಇರುತ್ತದೆ.