ಜಯತ್ತೆಯ ಪಥ್ಯ

ಉಪ್ಪು ಹಾಕದೆ ಬೇಯಿಸಿದ ಹೆಸರುಬೇಳೆಗೆ ಒಂದು ವಾಸನೆ ಇರುತ್ತದೆ. ನೆನೆದ ಮಣ್ಣಿನ ಗೋಡೆಗೆ ಮೂಗು ತಾಗಿಸಿದಂತೆ ತಣ್ಣಗಿನ, ಸ್ವಲ್ಪ ಮುಗ್ಗಲು ವಾಸನೆ. ಒಗ್ಗರಣೆ ಬಿದ್ದ ಬೇಳೆ ಮನೆಯವರನ್ನೆಲ್ಲ ಅಡುಗೆಮನೆಗೆ ಎಳೆಯುತ್ತದೆ. ಇದು ಯಾರನ್ನೂ ಕರೆಯದೆ ತನ್ನಷ್ಟಕ್ಕೆ ತಾನು ಕುದಿಯುತ್ತದೆ. ಮೊನ್ನೆ ಆಂಧ್ರದ ಆದೋನಿಯ ನಮ್ಮ ಬಾಡಿಗೆ ಮನೆಯಲ್ಲಿ ಬಟ್ಟೆ ಮಡಚುತ್ತ ಕೂತಿದ್ದಾಗ ಆ ವಾಸನೆ ಬಂತು. ಕಾಲೇಜಿಗೆ ಹೋಗುವ ಮಗಳು ಒಲೆಯ ಮುಂದೆ ನಿಂತಿದ್ದಳು. ಉಪ್ಪು, ಹುಳಿ, ಎಣ್ಣೆ ಬಿಟ್ಟರೆ ಮುಖ ಹೊಳೆಯುತ್ತದೆಂದು ಫೋನಿನಲ್ಲಿ ಯಾರೋ ಹೇಳಿದ್ದರಂತೆ. ನಾನು ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಸಿಗುವಷ್ಟು ಹತ್ತಿರಕ್ಕೆ ಸರಿಸಿ ಹೊರಗೆ ಬಂದೆ. ಇಂಥದ್ದು ತಿಂದರೆ ಅಂದ ಬರುತ್ತದೆ, ಇಂಥದ್ದು ಬಿಟ್ಟರೆ ಚರ್ಮ ಮಿನುಗುತ್ತದೆ ಎಂದು ಯಾರೇ ಹೇಳಲಿ, ನನಗೆ ಮೊದಲು ಅನುಮಾನ ಬರುತ್ತದೆ. ಹೇಳುವವರ ಮುಖ ನೋಡುವ ಬದಲು ಕೇಳುವವಳ ತಟ್ಟೆ ನೋಡುತ್ತೇನೆ. ನಿಮ್ಮ ಮನೆಯಲ್ಲೂ ಹಾಗೆ ತಟ್ಟೆಯಿಂದ ಒಂದೊಂದನ್ನೇ ಕಳೆದುಕೊಂಡ ಹುಡುಗಿಯೊಬ್ಬಳು ಇದ್ದಿರಬಹುದು. ನಮ್ಮ ಮನೆಯಲ್ಲಿ ಅವಳು ಜಯತ್ತೆ, ಅಪ್ಪನ ತಂಗಿ.

ಆದೋನಿ ಹತ್ತಿರದ ಹಳ್ಳಿ ಪೆದ್ದಹರಿವಾಣದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ತಂಪು. ಶೇಂಗಾ ಕಿತ್ತ ಕಾಲಕ್ಕೆ ಪಡಸಾಲೆಯ ತುಂಬ ಹಸಿ ಕಾಯಿ ಹರಡಿರುತ್ತಿತ್ತು; ಅದರ ಹಾಲಿನಂಥ ವಾಸನೆ ರಾತ್ರಿಯ ಹೊದಿಕೆಗೂ ಅಂಟುತ್ತಿತ್ತು. ಅಮ್ಮ ಬದನೆಕಾಯಿಯನ್ನು ಸೀಳಿ, ಹುರಿದ ಶೇಂಗಾ, ಎಳ್ಳು, ಹುಣಸೆಹಣ್ಣು ಅರೆದು ತುಂಬಿ ಎಣ್ಣೆಯಲ್ಲಿ ಬಾಡಿಸಿದರೆ ಓಣಿಯವರೆಲ್ಲ ಕೇಳಿಕೊಂಡು ಹೋಗುತ್ತಿದ್ದರು. ಅದರ ಮೊದಲ ಬಟ್ಟಲು ಜಯತ್ತೆಯದು. ಆಗ ಅವಳಿಗೆ ಹದಿನೆಂಟಿರಬೇಕು, ನನಗೆ ಎಂಟು. ಎಣ್ಣೆ ಹಚ್ಚಿದ ಮರದ ಬಾಗಿಲಿನಂತೆ ನುಣುಪಾದ ಕಪ್ಪು ಮೈ, ಉದ್ದ ಜಡೆ. ಬಿಸಿ ಜೋಳದ ರೊಟ್ಟಿಯನ್ನು ಮುರಿದು, ಒಳಗಿನ ಹಬೆ ಮುಖಕ್ಕೆ ಹೊಡೆಯುವಾಗ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಅಮ್ಮನಿಗೂ ಅವಳಿಗೂ ಅತ್ತಿಗೆ ನಾದಿನಿಯರ ಜಗಳ ಬಂದದ್ದನ್ನು ನಾನು ಕಂಡಿರಲಿಲ್ಲ.

ಬಲಗೈ ಮಣಿಕಟ್ಟಿನ ಹತ್ತಿರ ಹುಣಸೆ ಬೀಜದಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಾಗ ಅಜ್ಜಿ ಅದನ್ನು ಸುಣ್ಣವೆಂದುಕೊಂಡು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಚರ್ಮ ಕೆಂಪಾಯಿತು, ಬಿಳಿ ಹಾಗೇ ಉಳಿಯಿತು. ಆ ಹೊತ್ತಿನಿಂದಲೇ ಅಜ್ಜಿಯ ಕಣ್ಣು ಬದಲಾಯಿತೆಂದು ಕಾಣುತ್ತದೆ. ಓಣಿಯವರಿಗೆ ತಿಳಿಯಬಾರದೆಂದು ಜಯತ್ತೆಗೆ ಕೈತುಂಬ ಬಳೆ ತೊಡಿಸಿದಳು. ಆದರೆ ಬಳೆ ಹೆಚ್ಚಾದದ್ದೇ ಓಣಿಯವರಿಗೆ ಅನುಮಾನ ತಂದಿತು. ಯಾರೋ ಹೇಳಿದರೆಂದು ಅಜ್ಜಿ ಅವಳನ್ನು ಗೋನೆಗಂಡ್ಲದ ಕಡೆಯ ಒಬ್ಬ ನಾಟಿ ಪಂಡಿತನ ಹತ್ತಿರ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಅಜ್ಜಿಯ ಮಡಿಲಲ್ಲಿ ಕೂತು ನಾನೂ ಹೋಗಿದ್ದೆ. ಪಂಡಿತ ಕೈಯನ್ನು ಮುಟ್ಟದೆ ದೂರದಿಂದಲೇ ನೋಡಿ, ಬಾವಂಚಿ ಬೀಜದ ಎಣ್ಣೆ ಕೊಟ್ಟು, ಹಚ್ಚಿಕೊಂಡು ಬಿಸಿಲಿಗೆ ಕೂಡಬೇಕೆಂದ. ಆಮೇಲೆ ಪಥ್ಯ ಹೇಳಿದ. ಉಪ್ಪು ಬೇಡ, ಹುಳಿ ಬೇಡ, ಬದನೆ, ಎಳ್ಳು, ಬೆಲ್ಲ, ಮೊಸರು ಯಾವುದೂ ಬೇಡ. ಬರಿ ಬೇಳೆ, ಬರಿ ಅನ್ನ. ಕೊನೆಗೆ ಒಂದು ಮಾತು ಸೇರಿಸಿದ: "ತಗ್ಗಲಿಲ್ಲಂದ್ರ ನನ್ನ ಮಂದು ಸುಳ್ಳಲ್ಲಮ್ಮ. ಮನ್ಯಾಗ ಯಾರೋ ಕದ್ದು ತಿನಿಸ್ಯಾರಂತ ತಿಳ್ಕೊ."

ಮದ್ದಿಗೆ ಆ ಊರಿನ ಬಾಯಲ್ಲಿ ತೆಲುಗಿನ 'ಮಂದು' ಎಂದೇ ಹೆಸರು. ಎಣ್ಣೆಗಿಂತಲೂ ಆ ಕೊನೆಯ ಮಾತೇ ಅವನು ಕೊಟ್ಟ ನಿಜವಾದ ಮಂದು ಎಂದು ಈಗ ಅನ್ನಿಸುತ್ತದೆ. ಅದು ನಮ್ಮೆಲ್ಲರ ಮೈಗೂ ಹತ್ತಿತು. ಜಯತ್ತೆಗೆ ಬೇರೆ ಪಾತ್ರೆ, ಬೇರೆ ಒಲೆ ಬಂದವು. ಉಪ್ಪಿನ ಗಡಿಗೆ ಅಡುಗೆಮನೆಯಿಂದ ಅಜ್ಜಿಯ ಮಂಚದ ಕೆಳಗೆ ಹೋಯಿತು. ಅಮ್ಮ ಸಾರು ಮಾಡುವಾಗ ಕೈ ಒಡ್ಡಿ ಕೇಳಿ ಇಸಿದುಕೊಳ್ಳಬೇಕು. ಊಟವಾದ ಮೇಲೆ ಅಜ್ಜಿ ಜಯತ್ತೆಯ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಳು. ನಾವು ಬದನೆಕಾಯಿ ತಿನ್ನುವ ದಿನ ಜಯತ್ತೆ ಹಿತ್ತಲಿನಲ್ಲಿ ಕೂರಬೇಕು. ಆಮೇಲಾಮೇಲೆ ಅಮ್ಮ ಬದನೆಕಾಯಿ ಮಾಡುವುದನ್ನೇ ಬಿಟ್ಟಳು. ಅದೂ ಅಜ್ಜಿಗೆ ಅನುಮಾನವೇ: ಇಷ್ಟು ದಿನ ಮಾಡುತ್ತಿದ್ದವಳು ಈಗೇಕೆ ಬಿಟ್ಟಳು, ಏನು ಮುಚ್ಚಿಡುತ್ತಿದ್ದಾಳೆ. ನನ್ನನ್ನು ಮಾಳಿಗೆಗೆ ಕರೆದು, ಹುರಿಗಡಲೆ ಕೊಟ್ಟು ಕೇಳಿದಳು. "ನಿಮ್ಮಮ್ಮ ಜಯಾಗ ಏನರ ಕೊಡ್ತಾಳೇನಬೇ? ಹೇಳು, ನಾ ಬೈಯಂಗಿಲ್ಲ." ಇಲ್ಲವೆಂದೆ. ಇಲ್ಲವೆಂದದ್ದಕ್ಕೆ ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಪ್ಪ ಹೊಲದಿಂದ ಬಂದು ಉಂಡು ಎದ್ದು ಹೋಗುತ್ತಿದ್ದ; ಹೆಂಗಸರ ವಿಷಯವೆಂದು ಅವನು ಬಾಯಿ ಹಾಕಲಿಲ್ಲ.

ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂತು ಜಯತ್ತೆಯ ಕೈಯಲ್ಲಿ ನೀರುಗುಳ್ಳೆ ಎದ್ದವು. ಅವು ಒಡೆದು ಮಾಗಿದ ಜಾಗದಲ್ಲಿ ಬಿಳಿ ಇನ್ನಷ್ಟು ಅಗಲವಾಯಿತು. ಕತ್ತಿನ ಪಕ್ಕದಲ್ಲಿ, ತುಟಿಯ ಅಂಚಿನಲ್ಲಿ ಹೊಸದಾಗಿ ಮೂಡಿತು. ಅವಳ ಉಳಿದ ಮೈ ಮಾತ್ರ ಬೇರೆಯೇ ರೀತಿಯಲ್ಲಿ ಕೆಡುತ್ತಿತ್ತು. ಕೆನ್ನೆ ಒಳಕ್ಕೆ ಹೋಯಿತು, ಚರ್ಮ ಬೂದಿ ಬಳಿದಂತಾಯಿತು, ಬಾಚಿದರೆ ಕೂದಲು ಬಾಚಣಿಗೆಯ ತುಂಬ. ಒಂದು ಮಧ್ಯಾಹ್ನ ಹತ್ತಿ ಬಿಡಿಸುತ್ತಿದ್ದವಳು ಸಾಲಿನ ನಡುವೆ ಕುಸಿದು ಬಿದ್ದಳೆಂದು ಅವಳನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಬಂದರು. ನೀರು ಕುಡಿದು ಕಣ್ಣು ಬಿಟ್ಟವಳ ತುಟಿಯ ಬಿಳಿಯನ್ನು ನೋಡಿ ಅಜ್ಜಿ ನೆಟ್ಟಗೆ ಅಡುಗೆಮನೆಗೆ ಹೋದಳು. ಅಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಇವತ್ತು ನಿಜ ಹೇಳು. ಏನ್ ತಿನಿಸಿದಿ ನನ್ನ ಮಗಳಿಗೆ? ಆಕಿ ಅಂದ ನೋಡಿ ನಿನಗ ಹೊಟ್ಟಿಕಿಚ್ಚಿತ್ತೇನು?"

ಅಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು, ನೀರು ಸವರಿದಳು, ತಿರುವಿದಳು. ಅವಳ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಆಗ ಜಯತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. ಅವಳ ದನಿ ಜೋರಾಗಿರಲಿಲ್ಲ.

"ಯವ್ವಾ, ವೈನಿ ಏನೂ ಕೊಟ್ಟಿಲ್ಲ. ಯಾರೂ ಕೊಟ್ಟಿಲ್ಲ. ನೀ ಮೂಸಿ ನೋಡಬ್ಯಾಡ, ನಾನೇ ಹೇಳ್ತೀನಿ. ನೀನು ಮಲಗಿದ್ದಾಗ ನಿನ್ನ ಮಂಚದ ಬುಡಕ ಉಪ್ಪಿನ ಗಡಿಗಿ ಇರ್ತಿತ್ತು, ಒಂದು ಹರಳು ಸೈತ ಬಾಯಾಗ ಹಾಕ್ಕೊಂಡಿಲ್ಲ. ಹೆದರಿಕಿಗೆ ಹಾಕ್ಕೊಂಡಿಲ್ಲ. ಆದ್ರೂ ಬೆಳದೈತಿ. ಈಗ ಯಾರನ್ನ ಹಿಡಿತಿ?"

ಅಜ್ಜಿ ಕೂತುಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು; ಅದನ್ನು ಯಾರೂ ತೆಗೆಯಲಿಲ್ಲ. ಆ ಮನೆಯಲ್ಲಿ ಇನ್ನು ತಪ್ಪು ಹೊರಿಸಲು ಯಾರೂ ಉಳಿದಿರಲಿಲ್ಲ. ಮಾರನೆಯ ಬೆಳಗ್ಗೆ ಅಜ್ಜಿ ತಾನಾಗಿಯೇ ಜಯತ್ತೆಯನ್ನೂ ಅಮ್ಮನನ್ನೂ ಹೊರಡಿಸಿಕೊಂಡು ಆದೋನಿಯ ದವಾಖಾನೆಗೆ ಹೋದಳು. ಅಮ್ಮನ ಸೆರಗು ಹಿಡಿದು ನಾನೂ ಹೋದೆ.

ಅಲ್ಲಿನ ಲೇಡಿ ಡಾಕ್ಟರು ಜಯತ್ತೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ನೋಡಿದರು. ಕೆಳರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲವಲ್ಲ ಎಂದರು. ಆ ಬಿಳಿ ತಿಂದದ್ದರಿಂದ ಬಂದದ್ದಲ್ಲ, ತಿನ್ನದೆ ಬಿಟ್ಟರೆ ಹೋಗುವುದೂ ಇಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ ಎಂದು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಹಚ್ಚಲು ಒಂದು ಮುಲಾಮು ಬರೆದುಕೊಟ್ಟು, ಅದು ಗುಣ ತೋರಿಸಬಹುದು, ತೋರಿಸದೆಯೂ ಇರಬಹುದು ಎಂದರು. "ಅನ್ನೀ ತಿನಮ್ಮಾ," ಎಂದರು, ಎಲ್ಲವನ್ನೂ ತಿನ್ನು ಎಂದು. ಹೊರಗೆ ಬೇವಿನ ಮರದ ಕೆಳಗೆ ಬಂದು ನಿಂತಾಗ ಅಜ್ಜಿ ಹೇಳಿದಳು: "ಒಂದೂ ಬ್ಯಾಡ ಅನ್ನಲಿಲ್ಲ. ಇದೆಂಥ ಡಾಕ್ಟರಮ್ಮಬೇ, ನನಗ್ಯಾಕೋ ನಂಬಿಕಿ ಬರವಲ್ದು." ಅಮ್ಮ ಎಷ್ಟೋ ತಿಂಗಳ ಮೇಲೆ ಅಜ್ಜಿಗೆ ಎದುರು ಮಾತಾಡಿದಳು. "ಅನ್ನ ಕೊಡು ಅಂದಾರ. ಅದರಾಗ ಏನು ಮೋಸ ಇರ್ತೈತಿ?" ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿಯ ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿ ತರಿಸಿದರು. ಜಯತ್ತೆ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ನುಂಗದೆ ಹಾಗೇ ಕೂತಳು. ಅಜ್ಜಿ ಅವಳ ಬಾಯಿಯನ್ನಲ್ಲ, ಮಣಿಕಟ್ಟನ್ನು ನೋಡುತ್ತಿದ್ದಳು, ಆ ಕ್ಷಣದಲ್ಲೇ ಬಿಳಿ ಬೆಳೆಯುತ್ತದೇನೋ ಎಂಬಂತೆ.

ಬೆಳೆಯಲಿಲ್ಲ. ಆಮೇಲೆ ತನ್ನ ಮನಸ್ಸಿಗೆ ಬಂದಾಗ ಬೆಳೆಯಿತು, ಮನಸ್ಸಿಗೆ ಬಂದಾಗ ನಿಂತಿತು. ನಮ್ಮ ಅಡುಗೆಮನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಜ್ಜಿ ಅದನ್ನು ಒಪ್ಪಿಕೊಳ್ಳಲು ಬಹಳ ದಿನ ತೆಗೆದುಕೊಂಡಳು, ಒಪ್ಪಿಕೊಂಡ ಮೇಲೆ ಮಾತ್ರ ಹಿಂದೆ ನೋಡಲಿಲ್ಲ. ನೆನೆಹಾಕಿದ ಶೇಂಗಾ, ನುಗ್ಗೆಸೊಪ್ಪು, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ, ರೊಟ್ಟಿಯ ಮೇಲೆ ಕರಗುವ ಬೆಣ್ಣೆ, ಕೆಂಪು ಖಾರದ ಮೇಲೆ ಹಸಿ ಎಣ್ಣೆ. ಜಯತ್ತೆಯ ಕೆನ್ನೆ ಮತ್ತೆ ತುಂಬಿತು. ಕಪ್ಪು ಉಳಿದ ಕಡೆ ಕಪ್ಪಿಗೆ, ಬಿಳಿ ಆದ ಕಡೆ ಬಿಳಿಗೆ, ಎರಡಕ್ಕೂ ಒಂದೇ ಹೊಳಪು ಬಂತು. ಎರಡು ಬಣ್ಣದ ಆ ಮುಖ ಚೆಂದವಿತ್ತು. ಇದನ್ನು ಪ್ರೀತಿಯಿಂದ ಹೇಳುತ್ತಿಲ್ಲ, ನಿಜಕ್ಕೂ ಚೆಂದವಿತ್ತು.

ಊರಿಗೆ ಹಾಗನ್ನಿಸಲಿಲ್ಲ. ಹೆಣ್ಣು ನೋಡಲು ಬಂದವರು ನೀರನ್ನೂ ಮುಟ್ಟದೆ ಎದ್ದರು. ಆಮೇಲೆ ಅಂಥವರು ಬರುವುದೂ ನಿಂತಿತು. ಜಯತ್ತೆ ಹೊಲಿಗೆ ಕಲಿತಳು. ಕುಪ್ಪಸ ಹೊಲಿಸುವ ಹೆಂಗಸರು ಅಳತೆ ಕೊಡಲು ಮೈ ಮುಟ್ಟಿಸಿಕೊಳ್ಳದೆ ಹಳೆಯ ಕುಪ್ಪಸ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಅವಳು ಅದನ್ನು ನೋಡಿಯೂ ನೋಡದಂತೆ ತೆಗೆದುಕೊಳ್ಳುತ್ತಿದ್ದಳು. ಹೊಲಿಗೆ ಮಾತ್ರ ಒಂದು ಎಳೆಯೂ ಓರೆಯಾಗುತ್ತಿರಲಿಲ್ಲ.

ಅಜ್ಜಿಗೆ ಕೊನೆಗಾಲದಲ್ಲಿ ಎಲ್ಲರ ಮೇಲೂ ಅನುಮಾನ ತಿರುಗಿತು. ಹಾಲಿನಲ್ಲಿ ಏನೋ ಬೆರೆಸಿದ್ದಾರೆ, ಗಂಜಿ ಕಹಿಯಾಗಿದೆ, ಈ ಮನೆಯವರು ನನ್ನನ್ನು ಕೊಲ್ಲುತ್ತಾರೆ ಎನ್ನುತ್ತಿದ್ದಳು. ಅಮ್ಮ ಚಮಚೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಅಪ್ಪನನ್ನೂ ನಂಬಲಿಲ್ಲ. ಜಯತ್ತೆ ಬಂದು ಹತ್ತಿರ ಕೂತು ಅನ್ನ ಕಲಸಿದರೆ ಅವಳ ಕೈಯನ್ನು ಹಿಡಿದು, ಹಿಂದು ಮುಂದು ತಿರುಗಿಸಿ ನೋಡುತ್ತಿದ್ದಳು. ಮಕ್ಕಳ ಹೆಸರನ್ನೇ ಮರೆತಿದ್ದವಳು ಆ ಬಿಳಿಯನ್ನು ಗುರುತು ಹಿಡಿಯುತ್ತಿದ್ದಳು. "ನೀನೇನು?" ಎಂದು ಕೇಳಿ, ಬಾಯಿ ತೆರೆಯುತ್ತಿದ್ದಳು. ಊರಿನವರು ನೀರು ಕುಡಿಯದ ಆ ಕೈಯಿಂದಲೇ ಅವಳು ಕೊನೆಯವರೆಗೂ ಉಂಡಳು.

ಇನ್ನೊಂದನ್ನು ಹೇಳಬೇಕು. ನಾನು ಮದುವೆಯಾಗಿ ಆದೋನಿಗೆ ಬಂದ ಮೇಲೆ ಜಯತ್ತೆ ಒಮ್ಮೆ ಶೇರ್ ಆಟೋದಲ್ಲಿ ನಮ್ಮ ಮನೆಗೆ ಬಂದಳು. ಎದುರು ಕೂತ ಹುಡುಗಿ ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡಿದಳಂತೆ. ಮುಖದ ತುಂಬ ಮೊಡವೆ ಇದ್ದ ಹುಡುಗಿ. ಯಾವಾಗಿನಂತೆ ಮುಖಕ್ಕೇನಾಯಿತು ಎಂಬ ಅದೇ ಪ್ರಶ್ನೆ ಬರುತ್ತದೆಂದು ಜಯತ್ತೆ ಹೊರಗೆ ಮುಖ ತಿರುಗಿಸಿದಳು. ಇಳಿಯುವ ಮುಂಚೆ ಹುಡುಗಿ ಕೇಳಿದ್ದು ಬೇರೆ: "ಆಂಟೀ, ನಿಮ್ ಮುಖ ಎಷ್ಟು ನುಣ್ಣಗೈತಿ. ಏನ್ ತಿಂತೀರಿ ನೀವು?"

"ನೀ ಏನಂದಿ?" ಎಂದು ಕೇಳಿದೆ.

"ಮನ್ಯಾಗ ಮಾಡಿದ್ದು ತಿಂತೀನಂದೆ. ಹೊಟ್ಟಿ ತುಂಬ ತಿಂತೀನಂದೆ." ಆಮೇಲೆ ಕೇಳಿದಳು, "ಹುಡುಗಿ ನನ್ನ ಚಾಷ್ಟಿ ಮಾಡಿದಳೇನಬೇ?"

ಇಲ್ಲವೆಂದೆ. ಅವಳು ನಂಬಿದಳೋ ಇಲ್ಲವೋ. ಕೈ ತೊಳೆಯಲು ಹೋದವಳು ಕನ್ನಡಿಯ ಮುಂದೆ ಸ್ವಲ್ಪ ನಿಂತದ್ದನ್ನು ಮಾತ್ರ ನೋಡಿದೆ.

ಜಯತ್ತೆ ಹೋಗಿ ಕೆಲವು ವರ್ಷಗಳಾದವು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅಪ್ಪನೂ ಇಲ್ಲ. ಮಣ್ಣಿನ ಮಾಳಿಗೆಯನ್ನು ಕೆಡವಿ, ಕೊಂಡವರು ಅಲ್ಲಿ ಸಿಮೆಂಟಿನ ಮನೆ ಕಟ್ಟಿದ್ದಾರೆ. ಆ ಓಣಿಗೆ ಹೋದರೆ ಎಲ್ಲಿ ನಿಲ್ಲಬೇಕೋ ತಿಳಿಯುವುದಿಲ್ಲ. ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಗೋಡೆಗೆ ಹಾಕಲು ಜಯತ್ತೆಯ ಫೋಟೊ ಹುಡುಕಿದಾಗ ಸಿಕ್ಕಿದ್ದು ಒಂದೇ. ನನ್ನ ಮದುವೆಯ ಊಟದ ಸಾಲಿನಲ್ಲಿ ಮಜ್ಜಿಗೆ ಬಡಿಸುತ್ತ, ಯಾರೋ ಕರೆದರೆಂದು ತಲೆ ಎತ್ತಿದ್ದು. ಅದನ್ನು ದೊಡ್ಡದು ಮಾಡಿಸಲು ಪೇಟೆಯ ಸ್ಟುಡಿಯೋಗೆ ಹೋದೆವು. ಹುಡುಗನಂಥ ಮಾಲೀಕ ಕಂಪ್ಯೂಟರಿನಲ್ಲಿ ಮುಖವನ್ನು ಹಿಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ: "ಅಮ್ಮಾ, ಒಂದೇ ಕಲರ್ ಮಾಡಿಬಿಡ್ಲೇನ್ರಿ? ಗೊತ್ತೇ ಆಗಂಗಿಲ್ಲ."

ಅಮ್ಮ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. "ಬ್ಯಾಡಪ್ಪ," ಎಂದಳು. "ಹಂಗ ಮಾಡಿದ್ರ ಯಾರೋ ಬ್ಯಾರೆಯಾಕಿ ಆಗ್ತಾಳ."

ಬರುವಾಗ ಆಟೋ ತುಂಬಿತ್ತು. ಕಟ್ಟು ಹಾಕಿಸಿದ ಫೋಟೊವನ್ನು ಅಮ್ಮ ತೊಡೆಯ ಮೇಲೆ ನಿಲ್ಲಿಸಿಕೊಂಡು, ರಸ್ತೆಯ ಧೂಳು ಬೀಳದಿರಲೆಂದು ಸೆರಗು ಮುಚ್ಚಿದಳು. ಎದುರು ಕೂತವರು ಯಾರ ಫೋಟೊ ಎಂದು ಇಣುಕುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ಏನನ್ನಿಸಿತೋ, ಸೆರಗನ್ನು ಮೆಲ್ಲಗೆ ತೆಗೆದು ಹೆಗಲ ಮೇಲೆ ಹಾಕಿಕೊಂಡಳು.