ಯಾರು ಮೊದಲು ಇಟ್ಟರು?

ಸಿಂದಗಿಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಸಂಶೋಧಕನೊಬ್ಬ, ಜನ ಇಂಟರ್ನೆಟ್ ಕರೆಯಲ್ಲಿ ಮಾತನ್ನು ಹೇಗೆ ಮುಗಿಸುತ್ತಾರೆ ಎಂಬುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದ. ಇದಕ್ಕೂ ಪಿಎಚ್‌ಡಿ ಕೊಡುತ್ತಾರೆಯೇ ಎಂದು ನಾನು ನಕ್ಕದ್ದುಂಟು.

ನಮ್ಮ ಕಡೆ ಯಾರೂ ಫೋನನ್ನು ಸುಮ್ಮನೆ ಇಡುವುದಿಲ್ಲ. 'ಇಡ್ಲ್ಯಾ?' ಎಂದು ಕೇಳಬೇಕು, ಆ ಕಡೆಯವರು 'ಇಡು' ಅನ್ನಬೇಕು. "ಈಗ ಆ ರೂಢಿ ಹೊಂಟೈತ್ರಿ ಸರ. ನೆಟ್ ಕಟ್ಟಾದ್ರ ಮಾತೂ ಮುಗೀತು ಅಂತಾರ" ಎಂದು ಅವನು ಬೇಜಾರುಪಡುತ್ತಿದ್ದ. ಆಲಮೇಲದ ಬಸ್ಸಿನಲ್ಲಿ ಪಕ್ಕ ಕುಳಿತವರನ್ನೂ ಬಿಡದೆ, ಮೊಣಕಾಲ ಮೇಲೆ ಸಮೀಕ್ಷೆಯ ಫಾರ್ಮ್ ಹರಡಿ, ತಲೆ ಎತ್ತದೆ ಕೇಳುತ್ತಿದ್ದ: "ಮೊದ್ಲ ಯಾರ್ ಇಟ್ರು, ಹೇಳ್ರಿ?"

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಅವನು ಫಾರ್ಮ್ ಜೋಡಿಸುತ್ತಿದ್ದಾಗ ನಾಲತವಾಡದಿಂದ ಅವನ ಅಕ್ಕನ ಕರೆ ಬಂತು. ಸ್ಪೀಕರ್ ಹಾಕಿ, ಫೋನನ್ನು ಪಕ್ಕಕ್ಕಿಟ್ಟು, ಕೆಲಸ ಮುಂದುವರಿಸಿದ.

"ತಮ್ಮಾ, ನಿನಗೊಂದ್ ಮಾತ್ ಹೇಳೂದೈತಿ" ಎಂದಳು ಅಕ್ಕ. ಅವನು ಹೂಂಗುಟ್ಟಿದ.

"ಕೇಳಾಕತ್ತಿಯೇನು?"

ಹಾಳೆಯಿಂದ ಕಣ್ಣೆತ್ತದೆ ಅವನು ಫೋನಿನತ್ತ ಕೈ ಚಾಚಿದ. ದನಿ ನಿಂತಿತು. "ನೆಟ್ ಹೋತ್ರಿ. ಸಂಜಿಕ ಫೋನ್ ಹಚ್ತೇನಿ" ಎಂದ ನನಗೆ. ಹಚ್ಚಲಿಲ್ಲ.

ಮೂರನೆಯ ದಿನ ಅಕ್ಕ ತೀರಿಹೋದ ಸುದ್ದಿ ಬಂತು.

ದಿನಕರ್ಮ ಮುಗಿಸಿ ಬಂದವನು ಕೋಣೆ ಖಾಲಿ ಮಾಡಿದ. ಫಾರ್ಮುಗಳ ಕಟ್ಟನ್ನು ನನ್ನ ಕೈಗಿಟ್ಟು, "ಒಲಿಗೆ ಹಾಕ್ರಿ ಸರ" ಎಂದ. ಮೇಲಿನ ಹಾಳೆಯಲ್ಲಿ 'ಯಾರೊಂದಿಗೆ ಮಾತು' ಎಂಬಲ್ಲಿ 'ಅಕ್ಕ' ಎಂದಿತ್ತು. 'ಯಾರು ಮೊದಲು ಇಟ್ಟರು' ಎಂಬಲ್ಲಿ 'ನೆಟ್‌ವರ್ಕ್' ಎಂದು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಬರೆದಿದ್ದ: ನಾನು.