ಗುಡ್ಡ ಹತ್ತಿದ ಹೂವು

ಹೋದ ವಾರ ಗದಗಿನ ಒಂದು ನರ್ಸರಿಯಲ್ಲಿ ತುಳಸಿ ಸಸಿ ಆರಿಸುತ್ತಿದ್ದೆ. ಸೆರಗು ಪಕ್ಕದ ಕುಂಡದ ಗಿಡಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಾಗ ಒಂದು ಎಲೆ ಬೆರಳಲ್ಲಿ ನುರಿಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತಿರುಗಿ ನೋಡಿದೆ. ಹಳದಿ, ಗುಲಾಬಿ, ಕೇಸರಿ, ಎಲ್ಲ ಒಂದೇ ಗೊಂಚಲಲ್ಲಿ... ಲಂಟಾನ. "ನೀರ ಹಾಕದಿದ್ರೂ ಬದುಕತೈತ್ರಿ ಅಕ್ಕಾರ, ಒಯ್ರಿ," ಎಂದ ನರ್ಸರಿಯವನು. ಅದು ಹೇಗೆ ಬದುಕುತ್ತದೆ ಅನ್ನುವುದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತು. ತುಳಸಿಯನ್ನೂ ಬಿಟ್ಟು ಬಂದೆ.

ಗುಡ್ಡದ ಬುಡದ ನಮ್ಮೂರು ಗಜೇಂದ್ರಗಡದಲ್ಲಿ ಬಾಜೂ ಮನೆಯಲ್ಲಿ ಒಬ್ಬ ಚಿಗವ್ವ ಇದ್ದಳು. ಸಂಬಂಧ ಏನೂ ಇಲ್ಲ, ಓಣಿಯ ಹುಡುಗಿಯರೆಲ್ಲ ಹಾಗೇ ಕರೆಯುತ್ತಿದ್ದೆವು. ಒಬ್ಬಳೇ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದಳು. ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅವಳಿಗೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದೆ. ಯಾರೋ ಕೊಟ್ಟ ಲಂಟಾನದ ಟೊಂಗೆಯನ್ನು ಎಣ್ಣೆ ಡಬ್ಬಿಯಲ್ಲಿ ಊರಿ ಹಿತ್ತಿಲಲ್ಲಿ ಇಟ್ಟಿದ್ದಳು. ಹೂಬಿಟ್ಟಾಗ ಒಂದು ಗೊಂಚಲು ತಂದು, ನೂಲಿನ ಲಡಿಗಳ ಪಕ್ಕ ಹಿಡಿದು ನೋಡಿ, ಅಂಚಿನ ಬಣ್ಣ ಆರಿಸುತ್ತಿದ್ದಳು. ಆ ಅಂಚಿಗೆ ಬಹಳ ಬೇಡಿಕೆಯಿತ್ತು. ಹೊಗಳಿದರೆ, "ನಂದೇನೈತಿ, ಗಿಡದ್ದು," ಅನ್ನುತ್ತಿದ್ದಳು. ಬೇರು ಡಬ್ಬಿ ಒಡೆದು ನೆಲಕ್ಕಿಳಿದಾಗಲೂ ಖುಷಿಪಟ್ಟಳು.

ಒಂದು ಬೆಳಗ್ಗೆ, ಆಡು ಸಾಕಿದ್ದ ಎದುರು ಮನೆಯ ಅಜ್ಜಿ ಚಿಗವ್ವನ ಬಾಗಿಲಲ್ಲಿ ನಿಂತು ಹೇಳಿದಳು: "ನಿನ್ನ ಹೂವು ಗುಡ್ಡ ಹತ್ತೈತಿ. ಅದು ಬಂದಲ್ಲಿ ಹುಲ್ಲ ಬರಂಗಿಲ್ಲ. ನನ್ನ ಆಡು ಏನ್ ತಿನ್ನಬೇಕ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಿಗವ್ವ ಜಗಳ ತೆಗೆದು ಹಗುರಾಗುತ್ತಿದ್ದಳು. ಹಣ್ಣು ತಿಂದ ಹಕ್ಕಿಗಳು ಬೀಜ ಒಯ್ದಿದ್ದವು, ಹಕ್ಕಿಗಳನ್ನು ಯಾರು ಬೈಯಬೇಕು...

ಅವತ್ತೇ ಹಿತ್ತಿಲ ಗಿಡವನ್ನು ಬೇರುಸಮೇತ ಅಗೆದು ಸುಟ್ಟಳು. ಮರುದಿನದಿಂದ ಬೆಳಕು ಹರಿದರೆ ಗುಡ್ಡ, ಕಂಡ ಸಸಿಯನ್ನೆಲ್ಲ ಕೀಳುವುದು. ಕೈಗೆ ಅರಿವೆ ಸುತ್ತಿಕೊಂಡರೂ ಮುಳ್ಳು ಬಿಡಲಿಲ್ಲ. ಬೆರಳು ಒಡೆದು ಒರಟಾದವು. ನೇಯುವವರ ಬೆರಳು ಒರಟಾದರೆ ಮುಗಿಯಿತು, ಮುಟ್ಟಿದಲ್ಲೆಲ್ಲ ರೇಷ್ಮೆ ಎಳೆ ಸಿಕ್ಕಿಕೊಂಡು ಎದ್ದು ಬರುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು, ಬೆಳಗ್ಗೆ ಮತ್ತೆ ಗುಡ್ಡಕ್ಕೆ ಹೋಗುತ್ತಿದ್ದಳು. ನೂಲು ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರರಿಂದ ಎರಡು ಸೀರೆ ವಾಪಸ್ ಬಂದವು. ಮೂರನೆಯದೂ ಬಂದರೆ ಇನ್ನು ನೂಲು ಕೊಡುವುದಿಲ್ಲವೆಂದು ಹೇಳಿ ಕಳಿಸಿದರು. ನೂಲಿಲ್ಲದಿದ್ದರೆ ಅವಳ ಒಲೆ ಹೊತ್ತುವುದಿಲ್ಲ.

ಆದರೂ ಲಾಳಿ ಕೈಯಲ್ಲಿ ಹಿಡಿದು ಕಿಟಕಿಯಿಂದ ಗುಡ್ಡವನ್ನೇ ನೋಡುತ್ತಿದ್ದಳು. "ಇನ್ನೂ ಎಷ್ಟ ಉಳದಾವೋ," ಅದೊಂದೇ ಮಾತು. ನನಗೂ ಅದೇ ಚಿಂತೆ ಅಂಟಿತು. ಮಾಳಿಗೆ ಮೇಲೆ ಹಕ್ಕಿ ಕೂತರೆ ಎದ್ದು ಹೋಗಿ ಓಡಿಸುತ್ತಿದ್ದೆ.

ಕಡೆಗೊಂದು ದಿನ ಚಿಗವ್ವನ ಮೊಣಕಾಲು ಬಾತು, ಏಳಲಾಗಲಿಲ್ಲ. "ನೀನರ ನೋಡಿ ಬಾ ಯವ್ವಾ. ಆಚೀ ಕೊಳ್ಳದಾಗ ನಾ ಇಳದಿಲ್ಲ. ಖರೇ ಹೇಳಬೇಕ ಮತ್ತ," ಅಂದಳು.

ಹೋದೆ. ಕೊಳ್ಳದ ತುಂಬ ಅದೇ, ನನ್ನ ಎದೆಯೆತ್ತರ. ಹೂವೂ ಇತ್ತು, ಹಣ್ಣೂ ಇತ್ತು. ಇಡೀ ಓಣಿ ಬಂದು ಕಿತ್ತರೂ ಮುಗಿಯುವಂತಿರಲಿಲ್ಲ. ಬುಡ ನೋಡಿದರೆ ಕೆಲವು ಅವಳ ಗಿಡಕ್ಕಿಂತ ಹಳೆಯವೇ ಇದ್ದವೇನೋ... ಅಷ್ಟು ನೋಡುವ ಸಮಾಧಾನ ನನಗೆ ಆಗ ಇರಲಿಲ್ಲ. ಅವಳ ಬೆರಳುಗಳೇ ಕಣ್ಣಮುಂದೆ ಬರುತ್ತಿದ್ದವು.

"ಒಂದೂ ಇಲ್ಲ, ಚಿಗವ್ವ," ಅಂದೆ.

"ಖರೇ?"

"ಖರೇ."

ಗೋಡೆಗೆ ಒರಗಿ ಅತ್ತುಬಿಟ್ಟಳು. ತಿಂಗಳೊಳಗೆ ಬೆರಳು ಮೆತ್ತಗಾದವು, ಸೀರೆಗಳು ಮತ್ತೆ ಹೋಗತೊಡಗಿದವು. ಎರಡು ವರ್ಷದಲ್ಲಿ ಎದುರು ಮನೆಯ ಅಜ್ಜಿ ಆಡು ಮಾರಿದಳು. ನನ್ನ ಮುಂದೆ "ಮೇವಿಲ್ಲ" ಅಂದವಳು, ಚಿಗವ್ವನ ಮುಂದೆ ಮಾತ್ರ "ವಯಸ್ಸಾತು" ಅಂದಳು. ಆ ಮುದುಕಿಯ ಮುಖ ನೋಡಲು ನನಗೆ ಕಡೆಯವರೆಗೂ ಧೈರ್ಯ ಬರಲಿಲ್ಲ, ಈಗ ಅವಳಿಲ್ಲ.

ಚಿಗವ್ವನನ್ನು ಕೊನೆಗೆ ನೋಡಿದ್ದು ದವಾಖಾನೆಯಲ್ಲಿ. ಕೈ ಹಿಡಿದು, "ಗುಡ್ಡ ಚಲೋ ಐತೇನ ಯವ್ವಾ," ಎಂದು ಕೇಳಿದಳು. ಚಲೋ ಐತಿ ಅಂದೆ. ಗೊತ್ತಿದ್ದೇ ಕೇಳಿದಳೋ, ಗೊತ್ತಿಲ್ಲದೆಯೋ...

ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಗುಡ್ಡ ಎದುರಿಗೇ ಇದೆ. ತಲೆ ತಗ್ಗಿಸಿಕೊಂಡೇ ನಡೆಯುತ್ತೇನೆ. ಗುಡ್ಡ ಹೇಗಿದೆ ಎಂದು ಈಗ ನನ್ನನ್ನು ಕೇಳುವವರು ಯಾರೂ ಇಲ್ಲ. ಕೇಳಿದರೆ ಖರೇ ಹೇಳುತ್ತೇನೆಯೇ ಅನ್ನುವುದು ಇನ್ನೂ ಗೊತ್ತಿಲ್ಲ.